ಹೊಲಿಗೆ ಸೊಟ್ಟಗಿದ್ದರೆ ಅಸಲಿ

ನಮ್ಮಕ್ಕ ಮೂರು ವರ್ಷ ದುಡ್ಡು ಕೂಡಿಟ್ಟು ಒಂದು ದೊಡ್ಡ ಹೆಸರಿನ ಬ್ಯಾಗ್ ಕೊಂಡಳು. ಹೆಸರು ನಾನು ಹೇಳುವುದಿಲ್ಲ. ಬ್ಯಾಗೇ ತನ್ನ ಮೈಮೇಲೆ ನಲವತ್ತು ಸಲ ಹೇಳಿಕೊಂಡಿದೆ, ಸಾಕು.

ಮನೆಗೆ ಬಂದದ್ದು ಒಂದು ಬ್ಯಾಗ್ ಅಲ್ಲ, ಮೂರು. ಹೊರಗೆ ರಟ್ಟಿನಂಥ ದಪ್ಪ ಕಾಗದದ ಬ್ಯಾಗ್. ಅದರೊಳಗೆ ಡಬ್ಬ. ಡಬ್ಬದೊಳಗೆ ಧೂಳು ತಾಗದಿರಲಿ ಅಂತ ಬಟ್ಟೆಯ ಚೀಲ. ಅದರೊಳಗೆ ಮಹಾರಾಣಿ. ಆರನೇ ವಾರಕ್ಕೆ ಮಹಾರಾಣಿಯ ಹಿಡಿ ಕಿತ್ತು ಬಂತು. ಕಾಗದದ ಬ್ಯಾಗಿನ ಹಿಡಿ ಮಾತ್ರ ಇವತ್ತಿಗೂ ಗಟ್ಟಿಯಾಗಿದೆ. ಹಳೇ ಪುಸ್ತಕ ತುಂಬಿಸಿ ಇಟ್ಟಿದ್ದೇವೆ.

ಕಿತ್ತ ಜಾಗವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದೆ. ಎಂಟು ತೂತು, ಐದರಲ್ಲಿ ಮಾತ್ರ ದಾರ. ದಾರದ ತುದಿಯನ್ನು ಸುಟ್ಟು ಸಾಸಿವೆಯಷ್ಟು ಕಪ್ಪು ಗಂಟು ಮಾಡಿ ಬಿಟ್ಟಿದ್ದರು. ಅಂಚಿಗೆ ಬಳಿದ ಬಣ್ಣ ಹಾವು ಪೊರೆ ಬಿಟ್ಟ ಹಾಗೆ ಎದ್ದು ಬರುತ್ತಿತ್ತು. ಮುಟ್ಟಿದರೆ ಬೆರಳಿಗೆ ಅಂಟು.

ಅಂಗಡಿಗೆ ಹೋದೆವು. ಒಬ್ಬ ಹುಡುಗ ಬಿಳಿ ಗ್ಲೌಸ್ ಹಾಕಿಕೊಂಡು ಬ್ಯಾಗನ್ನು ಎಳೆಗೂಸಿನಂತೆ ಎತ್ತಿಕೊಂಡ. ಆಮೇಲೆ ಮೆಲ್ಲಗೆ ಕೇಳಿದ, "ಮೇಡಂ, ಇದರಲ್ಲಿ ಏನಾದ್ರೂ ಇಟ್ಟಿದ್ರಾ?"

ಅಕ್ಕ ತಪ್ಪೊಪ್ಪಿಕೊಂಡಳು. ಪರ್ಸು, ಕನ್ನಡಕ, ನೀರಿನ ಬಾಟಲಿ.

ಬಾಟಲಿ ಅಂದಾಗ ಅವನ ಮುಖ ಬಾಡಿತು.

ತಪ್ಪು ಅಕ್ಕನದೇ. ಜೊತೆಗೆ ಕೊಟ್ಟ ಪುಟ್ಟ ಪುಸ್ತಕ ಅವಳು ಓದಿರಲಿಲ್ಲ. ಮಳೆ ಬೇಡ, ಬಿಸಿಲು ಬೇಡ, ಬಿಸಿ ಬೇಡ, ಸೆಂಟು ಬೇಡ, ಕೈಗೆ ಕ್ರೀಮ್ ಹಚ್ಚಿದ್ದರೆ ಮುಟ್ಟುವುದೇ ಬೇಡ, ಜೀನ್ಸ್ ಪ್ಯಾಂಟಿಗೆ ತಾಗಿಸಬೇಡ, ಭಾರ ಹಾಕಬೇಡ. ಇಷ್ಟೆಲ್ಲ ಕಳೆದರೆ ಉಳಿಯುವುದು ಕಪಾಟು ಒಂದೇ. ಹುಳುಕಿಗೆ ಹೆಸರಿಡುವುದರಲ್ಲಿ ಮಾತ್ರ ಇವರ ಕೈಚಳಕ ಸ್ವಲ್ಪವೂ ಕುಂದಿಲ್ಲ, ಒಪ್ಪಿಕೊಳ್ಳಬೇಕು. ಚರ್ಮ ಸುಕ್ಕಾದರೆ ಅದು 'ಸಹಜ ಗುಣ'. ಬಣ್ಣ ಹೋದರೆ 'ಕಾಲದ ಕಳೆ'. ಹೊಲಿಗೆ ಸೊಟ್ಟಗಿದ್ದರೆ 'ಮನುಷ್ಯನ ಕೈ ಮುಟ್ಟಿದ ಗುರುತು'.

ನಿಜವಾಗಿ ಕೈಯಲ್ಲಿ ಹೊಲಿದದ್ದು ಸೊಟ್ಟಗಿರುವುದಿಲ್ಲ ಸ್ವಾಮಿ. ಕುದುರೆ ಜೀನು ಹೊಲಿಯುವವರ ಹೊಲಿಗೆ ಅಂತ ಒಂದಿದೆ. ಮೇಣ ಸವರಿದ ಒಂದೇ ದಾರ, ಎರಡು ತುದಿಗೆ ಎರಡು ಸೂಜಿ. ಒಂದೇ ತೂತಿನಲ್ಲಿ ಒಂದು ಸೂಜಿ ಆಚೆಯಿಂದ, ಇನ್ನೊಂದು ಈಚೆಯಿಂದ. ಒಂದು ಕಡೆ ದಾರ ಸವೆದು ಹರಿದರೂ ಪಕ್ಕದ ಹೊಲಿಗೆ ಹಿಡಿದುಕೊಂಡಿರುತ್ತದೆ. ಮಷೀನಿನದು ಮೇಲೊಂದು ದಾರ, ಕೆಳಗೊಂದು ದಾರ, ನಡುವೆ ಕೊಂಡಿ. ಒಂದು ಹರಿದು ಜಗ್ಗಿದರೆ ಪಕ್ಕದ್ದೂ ಸಡಿಲ. ದುಬಾರಿ ಬ್ಯಾಗಿಗೆ ಹೆಸರಾದ ಫ್ರಾನ್ಸಿನ ಹರ್ಮಿಸ್ ಕಂಪನಿ ಶುರುವಾಗಿದ್ದೇ 1837ರಲ್ಲಿ ಕುದುರೆಗಳ ಸರಂಜಾಮು ಮಾಡುವುದರಿಂದ. ಆಗ ಹೊಲಿಗೆ ಬಿಟ್ಟರೆ ಸವಾರ ನೆಲಕ್ಕೆ ಬೀಳುತ್ತಿದ್ದ. ಕ್ವಾಲಿಟಿ ಕಂಟ್ರೋಲ್ ಕುದುರೆಯ ಕೈಯಲ್ಲಿತ್ತು, ಅಂದರೆ ಕಾಲಲ್ಲಿ. ಈಗ ಹೊಲಿಗೆ ಬಿಟ್ಟರೆ ಬೀಳುವುದು ಲಿಪ್‌ಸ್ಟಿಕ್ ಅಷ್ಟೇ.

ಹಾಗಾದರೆ ಅಷ್ಟೊಂದು ದುಡ್ಡು ಹೋಗುವುದೆಲ್ಲಿಗೆ? 2024ರಲ್ಲಿ ಮಿಲಾನಿನ ಕೋರ್ಟಿಗೆ ಇದರ ಲೆಕ್ಕ ಸಿಕ್ಕಿತು. ಡಿಯೋರ್ ಕಂಪನಿಯ 2,600 ಯೂರೋದ ಒಂದು ಬ್ಯಾಗನ್ನು ಜೋಡಿಸಿ ಕೊಟ್ಟ ಗುತ್ತಿಗೆದಾರನಿಗೆ ಸಂದದ್ದು 53 ಯೂರೋ. ಚರ್ಮದ ಖರ್ಚು ಬೇರೆ ಅನ್ನಿ. ತನಿಖೆಯವರು ಹೋಗಿ ನೋಡಿದ ವರ್ಕ್‌ಶಾಪುಗಳಲ್ಲಿ ಕೆಲಸದವರು ಅಲ್ಲೇ ಮಲಗುತ್ತಿದ್ದರು. ಕೆಲಸ ಬೇಗ ಸಾಗಲಿ ಅಂತ ಮಷೀನುಗಳ ಸೇಫ್ಟಿ ಸಾಧನ ಕಿತ್ತಿದ್ದರು. ಕೋರ್ಟು ಆ ಕಂಪನಿಯ ತಯಾರಿಕಾ ಘಟಕದ ಮೇಲೆ ಒಬ್ಬ ಆಡಳಿತಾಧಿಕಾರಿಯನ್ನು ಕೂರಿಸಿತು. ಆದರೂ ಬ್ಯಾಗಿನ ಒಳಗಿನ ಬರಹ ಸುಳ್ಳಲ್ಲ ನೋಡಿ. ಮಾಡಿದ್ದು ಇಟಲಿಯಲ್ಲೇ.

ಅಮೆರಿಕದ ಕಥೆ ಇದಕ್ಕಿಂತ ರುಚಿ. ಲೂಯಿ ವಿಟಾನ್ ಕಂಪನಿ 2019ರಲ್ಲಿ ಟೆಕ್ಸಸ್‌ನಲ್ಲಿ ಕಾರ್ಖಾನೆ ತೆರೆದಾಗ ಉದ್ಘಾಟನೆಗೆ ಅಧ್ಯಕ್ಷ ಟ್ರಂಪ್ ಅವರೇ ಬಂದಿದ್ದರು. ಅಲ್ಲಿ ಶೇಕಡ 40ರವರೆಗೂ ಚರ್ಮ ಕತ್ತರಿಸುವುದರಲ್ಲಿ, ಹೊಲಿಯುವುದರಲ್ಲಿ ಹಾಳಾಗುತ್ತಿತ್ತು, ಹೊಲಿಗೆಯ ತಪ್ಪು ಕಾಣದಿರಲೆಂದು ಬಿಸಿ ಸೂಜಿಯಿಂದ ಕರಗಿಸಿ ಮುಚ್ಚುತ್ತಿದ್ದರು ಅಂತ ಹಳೇ ಕೆಲಸಗಾರರು 2025ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆಗೆ ಹೇಳಿದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ ಮಾಡುತ್ತಾರೆ ಅಂದುಕೊಂಡಿದ್ದೆ. ಇಲ್ಲಿ ಬೆಣ್ಣೆಯೇ ಕರಗಿಹೋಗಿದೆ.

ಬೆಲೆ ಮಾತ್ರ ಎಲ್ಲೂ ಕಿತ್ತು ಬರುವುದಿಲ್ಲ. ಶನೆಲ್‌ನ ಮುಚ್ಚಳದ ಬ್ಯಾಗ್ 2024ರಲ್ಲಿ 10,000 ಯೂರೋ ದಾಟಿತು. ಅದೇ ಅಳತೆ, ಅದೇ ಸರಪಳಿ.

ಇನ್ನು ನಕಲಿ ಮಾಡುವವರ ಪಾಡು ನೆನೆದರೆ ಅಯ್ಯೋ ಅನಿಸುತ್ತದೆ. ಪಾಪ, ಅವರು ಇಂಚಿಗೆ ಎಷ್ಟು ಹೊಲಿಗೆ ಅಂತ ಎಣಿಸಿ, ಅಸಲಿ ಬ್ಯಾಗನ್ನು ಬಿಚ್ಚಿ ನೋಡಿ, ಶ್ರದ್ಧೆಯಿಂದ ಹೊಲಿಯುತ್ತಾರೆ. ಸಿಕ್ಕಿಬಿದ್ದರೆ ಪೊಲೀಸರ ಭಯ ಬೇರೆ. ಅಕ್ಕನ ಗೆಳತಿಯೊಬ್ಬಳು ಇಂಥದ್ದೇ ಬ್ಯಾಗ್ ತಂದು ತೋರಿಸಿದಳು. ಎಂಟು ತೂತಿಗೂ ದಾರ, ಅಂಚು ನುಣ್ಣಗೆ. ಅಕ್ಕ ಒಂದೇ ನೋಟಕ್ಕೆ ಹೇಳಿದಳು, "ಇಷ್ಟು ನೀಟಾಗಿದೆ ಅಂದ್ರೆ ಡೂಪ್ಲಿಕೇಟೇ ಕಣೆ."

ಅಕ್ಕನ ಬ್ಯಾಗ್ ರಿಪೇರಿಗೆ ಹೋಯಿತು. ಐದು ತಿಂಗಳು ಸುದ್ದಿಯಿಲ್ಲ. ವಾಪಸು ಬಂದಾಗ ಮತ್ತೆ ಹೊಸ ಕಾಗದದ ಬ್ಯಾಗ್, ಹೊಸ ಬಟ್ಟೆ ಚೀಲ, ಹೊಸ ರಿಬ್ಬನ್. ಹಿಡಿ ಕೂರಿಸಿದ್ದರು. ದಾರ ಈಗ ಏಳು ತೂತಿನಲ್ಲಿತ್ತು. ಬಣ್ಣ ಒಂದು ಚೂರು ಬೇರೆ.

"ಅಕ್ಕಾ, ಇಲ್ಲಿ ನೋಡು, ಇನ್ನೂ ಒಂದು ತೂತು ಖಾಲಿ ಇದೆ" ಅಂದೆ.

ಅವಳು ನೋಡಲೇ ಇಲ್ಲ. ಫೋನ್ ಹಿಡಿದು ಹಿಗ್ಗುತ್ತಿದ್ದಳು. "ಸುಮ್ನಿರು. ಈ ಐದು ತಿಂಗಳಲ್ಲಿ ಇದರ ರೇಟು ಎರಡು ಸಲ ಜಾಸ್ತಿ ಆಗಿದೆ, ಗೊತ್ತಾ?" ಅಂದವಳೇ ಬ್ಯಾಗನ್ನು ಬಟ್ಟೆ ಚೀಲಕ್ಕೆ ಹಾಕಿ, ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಆಮೇಲೆ ನೀರಿನ ಬಾಟಲಿಯನ್ನು ಹೊಸ ಕಾಗದದ ಬ್ಯಾಗಿಗೆ ಹಾಕಿಕೊಂಡು ಕೆಲಸಕ್ಕೆ ಹೊರಟಳು.