ಗುಳ್ಳಿ ಒಡೀಲಿ, ತಡಿ

ಐವತ್ತೆರಡು ವರ್ಷದ ಬಾಳಿನಲ್ಲಿ ನನ್ನ ಫೋಟೊ ಪತ್ರಿಕೆಯಲ್ಲಿ ಬಂದದ್ದು ಎರಡೇ ಸಲ. ಎರಡೂ ಸಲ ಅದೇ ಫೋಟೊ, ಅದೇ ಗೆರೆ ಅಂಗಿ, ಹಣೆಯ ಮೇಲೆ ಅದೇ ಕೈ. ಬದಲಾದದ್ದು ಕೆಳಗಿನ ಒಂದು ಸಾಲು ಮಾತ್ರ. ಮೊದಲನೇ ಸಾಲಿಗೆ ನಾನು 1,20,000 ರೂಪಾಯಿ ತೆತ್ತೆ. ಎರಡನೆಯದು ಪುಕ್ಕಟೆ.

ಹುಬ್ಬಳ್ಳಿಗೆ ಮಾಸ್ತರಿಕೆಗೆ ಬಂದು ಇಪ್ಪತ್ತೊಂದು ವರ್ಷವಾಯಿತು. ಅಷ್ಟೂ ವರ್ಷ ಬಾಡಿಗೆ ಮನೆ. ಕೇಶ್ವಾಪುರದಲ್ಲಿ ಎರಡು, ವಿದ್ಯಾನಗರದಲ್ಲಿ ಒಂದು, ಈಗಿರುವುದು ಉಣಕಲ್ಲಿನಲ್ಲಿ. ಪ್ರತಿ ಮನೆ ಬಿಡುವಾಗಲೂ ಮನೆಯಾಕೆ ಗೋಡೆಗೆ ಹೊಡೆದ ಮೊಳೆಗಳನ್ನೆಲ್ಲ ಎಣಿಸಿ ಕಿತ್ತು ಒಂದು ಡಬ್ಬಿಗೆ ಹಾಕಿಕೊಳ್ಳುತ್ತಾಳೆ. ಉಣಕಲ್ಲಿಗೆ ಬಂದಾಗ ಡಬ್ಬಿ ಬಿಚ್ಚಲೇ ಇಲ್ಲ. ಕ್ಯಾಲೆಂಡರು, ದೇವರ ಫೋಟೊ, ನನ್ನ ಅಪ್ಪನ ಫೋಟೊ ಎಲ್ಲವೂ ಟ್ರಂಕಿನ ಮೇಲೆ ಗೋಡೆಗೆ ಒರಗಿ ಕೂತವು. ಕೇಳಿದರೆ, "ಇನ್ನ ಬ್ಯಾರೇದವರ ಗ್ವಾಡಿಗೆ ಮೊಳಿ ಹೊಡ್ಯಾಂಗಿಲ್ಲ ನಾ" ಅಂದಳು.

ಇಷ್ಟು ದಿನ ಜಾಗ ಕೊಳ್ಳದೇ ಇರಲು ಬಡತನ ಅರ್ಧ ಕಾರಣ. ಉಳಿದರ್ಧ ನನ್ನ ವಾಚನಾಭಿರುಚಿ. 2008ರ ಸೆಪ್ಟೆಂಬರ್ 15ರಂದು ಅಮೆರಿಕದಲ್ಲಿ ಲೇಮನ್ ಬ್ರದರ್ಸ್ ಎಂಬ ದೊಡ್ಡ ಬ್ಯಾಂಕು ದಿವಾಳಿ ಎದ್ದಾಗ ಪತ್ರಿಕೆಗಳಲ್ಲಿ ಮೊದಲ ಸಲ 'ಮನೆ ಬೆಲೆಯ ಗುಳ್ಳೆ' ಎಂಬ ಮಾತು ಓದಿದೆ. ಉಬ್ಬಿದ್ದು ಒಡೆಯಲೇಬೇಕು, ಒಡೆದ ಮೇಲೆ ಬೆಲೆ ಇಳಿಯಲೇಬೇಕು. ಎಂಥ ಸುಲಭದ ಲೆಕ್ಕ! ಅಂದೇ ಮನೆಯಾಕೆಗೆ ಹೇಳಿದೆ: "ಗುಳ್ಳಿ ಒಡೀಲಿ, ತಡಿ. ಆಮ್ಯಾಲೆ ತಗೊಳ್ಳೂಣು."

ಒಳಗೆ ಜೋಳ ಹಸನು ಮಾಡುತ್ತಿದ್ದ ಅವ್ವನಿಗೆ ಕೇಳಿಸಿತು. "ಯಾರಿಗಿ ಗುಳ್ಳಿ ಆಗೇತೋ ಯಪ್ಪಾ? ಅಗಸಿ ಅರದು ಬಿಸಿ ಮಾಡಿ ಕಟ್ಟು. ಎರಡ ದಿನದಾಗ ತಾನ ಒಡೀತೈತಿ."

ಹದಿನೇಳು ವರ್ಷ ಕಟ್ಟಿದೆ. ಒಡೆಯಲಿಲ್ಲ. 2016ರಲ್ಲಿ ಧಾರವಾಡಕ್ಕೆ ಐಐಟಿ ಬಂತು, ಗುಳ್ಳೆ ಇನ್ನಷ್ಟು ಉಬ್ಬಿತು. ಅದೇ ವರ್ಷ ನವೆಂಬರಿನಲ್ಲಿ ನೋಟು ರದ್ದಾದಾಗ, ಇನ್ನು ಜಾಗದ ಬೆಲೆ ನೆಲ ಕಚ್ಚುತ್ತದೆ ಎಂದು ಓದಿ ನಾನು ಒಂದು ಕಿಲೊ ಫೇಡೆ ತಂದು ಹಂಚಿದೆ. ನಮ್ಮ ಓಣಿಯ ಏಜೆಂಟರು ಎರಡು ತಿಂಗಳು ಕಾಣದಾದದ್ದು ನಿಜ. ಮರಳಿ ಬಂದಾಗ ಹೊಸ ಮೊಬೈಲು, ಹೊಸ ದರ. ಆಮೇಲೆ ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸು ಓಡತೊಡಗಿತು. ಅದರ ದಾರಿಯ ಇಕ್ಕೆಲದ ಹೊಲಗಳಲ್ಲಿ ಕಡಲೆಯ ಬದಲು ಬೋರ್ಡುಗಳು ಬೆಳೆದವು.

ಪತ್ರಿಕೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಮುಖಪುಟದ ತುಂಬ 'ಇಂದೇ ಕಾದಿರಿಸಿ' ಎಂಬ ಜಾಹೀರಾತು. ಒಳಗೆಲ್ಲೋ 'ಬೆಲೆ ಕೈಗೆಟುಕೀತೇ?' ಎಂಬ ಲೇಖನ. ಶನಿವಾರದ ಪುರವಣಿಯಲ್ಲಿ 'ಈಗ ಕೊಳ್ಳುವುದು ಸರಿಯೇ?' ಎಂದು ಕೇಳುವುದು ಯಾರನ್ನು? ಲೇಔಟ್ ಮಾಡಿದವರನ್ನು. ಮಿರ್ಚಿ ಕರಿಯುವವನಿಗೆ ಮಿರ್ಚಿ ಹೊಟ್ಟೆಗೆ ಒಳ್ಳೇದೇನಪ್ಪಾ ಎಂದು ಕೇಳಿದ ಹಾಗೆ. ಇದು ನಮ್ಮ ಪತ್ರಿಕೆಗಳ ಹಣೆಬರಹ ಮಾತ್ರ ಅಂದುಕೊಂಡಿದ್ದೆ. ಅಮೆರಿಕದಲ್ಲಿರುವ ನನ್ನ ಅಳಿಯ, ಅಂದರೆ ಅಕ್ಕನ ಮಗ, ಆ ಭ್ರಮೆ ಬಿಡಿಸಿದ. 2005ರಲ್ಲಿ ಅಲ್ಲಿ ಬೆಲೆ ಮುಗಿಲು ಮುಟ್ಟುತ್ತಿದ್ದಾಗ ಪತ್ರಿಕೆಯವರು ಮತ್ತೆ ಮತ್ತೆ ಮಾತಾಡಿಸುತ್ತಿದ್ದದ್ದು ಏಜೆಂಟರ ಸಂಘದ ಅರ್ಥಶಾಸ್ತ್ರಜ್ಞನನ್ನೇ ಅಂತೆ. ಅವರ ಕೇಂದ್ರ ಬ್ಯಾಂಕಿನ ಅಧ್ಯಕ್ಷ ಗ್ರೀನ್‌ಸ್ಪ್ಯಾನ್ ಮಾತ್ರ ಇದು ಗುಳ್ಳೆಯೆಂದು ಬಾಯಿ ತುಂಬ ಹೇಳಲಾರದೆ 'ಸ್ವಲ್ಪ ನೊರೆ ಇದೆ' ಎಂದರಂತೆ. ದೊಡ್ಡವರು ದೊಡ್ಡವರೇ. ಗುಳ್ಳೆಯನ್ನೂ ಮಜ್ಜಿಗೆ ಮಾಡಿ ಕುಡಿಸುತ್ತಾರೆ.

ಕಡೆಗೆ 2024ರಲ್ಲಿ, ಮೊಳೆ ಡಬ್ಬಿಯ ಸದ್ದಿಗೆ ಹೆದರಿ ಏಜೆಂಟರಿಗೆ ಫೋನ್ ಮಾಡಿದೆ. ಬೋರ್ಡಿನ ಮೇಲಿನ ನಂಬರಿಗೆ ಮಾಡಿದರೆ ಜಾಗದ ಮಾಲಕ ಸಿಗುತ್ತಾನೆ ಎಂಬುದು ನನ್ನ ತಿಳಿವಳಿಕೆ. ಸಿಕ್ಕವರು ಬೇರೆ. ಬಂದವರು ಇನ್ನೂ ಬೇರೆ. ಬಿಳಿ ಅಂಗಿ, ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಫೈಲಿನಲ್ಲಿ ಉತಾರದ ಝೆರಾಕ್ಸಿಗಿಂತ ಪತ್ರಿಕೆಯ ಕಟಿಂಗುಗಳೇ ಜಾಸ್ತಿ.

"ಎಲ್ಲಾ ರೇರಾ ಆಗೇತ್ರಿ ಸರ್ರ" ಅಂದರು, ಮಗುವಿಗೆ ಪೋಲಿಯೊ ಹನಿ ಹಾಕಿಸಿದಷ್ಟು ನಿರಾಳವಾಗಿ.

ನಾನೂ ಓದಿಕೊಂಡವ. ರೇರಾ ಅಂದರೆ ರಿಯಲ್ ಎಸ್ಟೇಟ್ ವ್ಯವಹಾರಕ್ಕೆ ಲಗಾಮು ಹಾಕುವ ಕಾಯ್ದೆ. 2016ರ ಆ ಕಾಯ್ದೆಯ ಪ್ರಕಾರ ನೋಂದಾಯಿತ ಲೇಔಟಿನ ಪ್ಲಾಟು ಮಾರಿಸುವ ಏಜೆಂಟರಿಗೂ ನೋಂದಣಿ ಸಂಖ್ಯೆ ಇರಬೇಕು. "ನಿಮ್ಮ ರೇರಾ ನಂಬರ್ ಏನ್ರಿ?" ಎಂದು ಗತ್ತಿನಿಂದ ಕೇಳಿದೆ.

"ಬರ್ಕೋರಿ ಸರ್ರ" ಎಂದು ಮೊಬೈಲ್ ನಂಬರ್ ಹೇಳಿದರು. "ವಾಟ್ಸಾಪ್‌ಗೂ ಇದ ಐತ್ರಿ."

ಅವರು ಮೊದಲು ತೋರಿಸಿದ್ದು ಕುಸುಗಲ್ ರಸ್ತೆಯ ಪ್ಲಾಟು, ಅದೂ ಮುಂಗಾರಿನಲ್ಲಿ. ಆ ಕಡೆಯದು ಅಪ್ಪಟ ಎರೆ ಭೂಮಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆಯಲ್ಲಿ ಹಿಡಿದದ್ದನ್ನು ಬಿಡುವುದಿಲ್ಲ. ಮೂರನೇ ಹೆಜ್ಜೆಗೆ ನನ್ನ ಬಲಗಾಲಿನ ಚಪ್ಪಲಿ ಒಳಗೆ ಹೋಯಿತು. ಕೈ ಹಾಕಿ ಹುಡುಕಿದರೆ ಸಿಕ್ಕದ್ದು ಇನ್ನಾರದೋ ಎಡಗಾಲಿನದು. "ಭೂಮಿತಾಯಿ ನಿಮ್ಮನ್ನ ಹಿಡದಾಳ್ರಿ ಸರ್ರ, ಭಾಳ ಚಲೋ ಶಕುನ" ಅಂದರು ಬಿಳಿ ಅಂಗಿಯವರು. ಬರಿಗಾಲಲ್ಲಿ ಮನೆಗೆ ಬಂದವನನ್ನು ನೋಡಿ ಮನೆಯಾಕೆ, "ಚಪ್ಪಲಿ ಇಸಾರ ಕೊಟ್ಟು ಬಂದ್ರೇನು?" ಎಂದು ಕೇಳಿದಳು.

ಇಸಾರಕ್ಕೆ ನಮ್ಮಲ್ಲಿ ಸಂಚಕಾರ ಅಂತಲೂ ಹೆಸರಿದೆ. ಪ್ರಾಣಕ್ಕೆ ಸಂಚಕಾರ ಬಂತು ಅನ್ನುತ್ತೇವಲ್ಲ, ಅದೇ ಶಬ್ದ. ಮುಂಗಡಕ್ಕೆ ಈ ಹೆಸರಿಟ್ಟ ಹಿರಿಯರು ಎಷ್ಟು ಪ್ಲಾಟು ಕೊಂಡು ಅನುಭವಿಸಿದ್ದರೋ!

ಹೀಗೆ ಹತ್ತು ತಿಂಗಳಲ್ಲಿ ಹನ್ನೊಂದು ಜಾಗ ನೋಡಿದೆ. ಎಲ್ಲಿಂದಲೂ ಎಲ್ಲವೂ ಹತ್ತು ನಿಮಿಷ. ವಿಮಾನ ನಿಲ್ದಾಣ ಹತ್ತು ನಿಮಿಷ, ಹೈಕೋರ್ಟ್ ಪೀಠ ಹತ್ತು ನಿಮಿಷ, ಐಐಟಿ ಹತ್ತು ನಿಮಿಷ. ನಾನು ಮಾಸ್ತರ. ಹೈಕೋರ್ಟಿಗೆ ಹತ್ತು ನಿಮಿಷದಲ್ಲಿ ಓಡುವಂಥದ್ದು ಏನು ಮಾಡಿಯೇನು? ನೀರೊಂದರ ಬಗ್ಗೆ ಮಾತ್ರ ಯಾರೂ ನಿಮಿಷದ ಲೆಕ್ಕ ಹೇಳಲಿಲ್ಲ.

ಪ್ರತಿ ಜಾಗ ನೋಡಿದ ಮೇಲೂ ಚಹಾ. ಆ ಚಹಾ ಬರೀ ಚಹಾ ಅಲ್ಲ ಎಂದು ಆಗ ಗೊತ್ತಿರಲಿಲ್ಲ. ಅಳಿಯ ಎಚ್ಚರಿಸಿದ್ದ. ಅವರಲ್ಲಿ ಮನೆ ಮಾರಿದರೆ ನೂರಕ್ಕೆ ಐದಾರರಷ್ಟು ದಲಾಲಿ ಮಾರಿದವನ ದುಡ್ಡಿನಿಂದಲೇ ಹೋಗಿ ಎರಡೂ ಕಡೆಯ ಏಜೆಂಟರು ಹಂಚಿಕೊಳ್ಳುವ ರೂಢಿ ಇತ್ತು. ಇದು ಅನ್ಯಾಯ ಎಂದು ಮಾರಿದವರೇ ಕೋರ್ಟಿಗೆ ಹೋದರು. 2024ರ ಮಾರ್ಚ್‌ನಲ್ಲಿ ಏಜೆಂಟರ ರಾಷ್ಟ್ರೀಯ ಸಂಘ 41.8 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿ ಮಾಡಿಕೊಂಡಿತು. ಅದೇ ಆಗಸ್ಟ್ 17ರಿಂದ, ಮನೆ ತೋರಿಸುವ ಮೊದಲೇ ಏಜೆಂಟರು ತಮ್ಮ ದಲಾಲಿ ಎಷ್ಟೆಂದು ಬರೆದು ಕೊಳ್ಳುವವನ ಸಹಿ ಪಡೆಯಬೇಕು.

"ನೀವೂ ಏನರ ಸಹಿ ಮಾಡೀರೇನು ಮಾಮಾ?"

"ಇಲ್ಲೋ. ಚಾ ಕುಡದೇನಿ."

ಈಗ ಫೋಟೊದ ಕಥೆ. 2025ರ ಏಪ್ರಿಲ್, ಮಧ್ಯಾಹ್ನ ಎರಡು ಗಂಟೆ. ಸತ್ತೂರಿನ ಒಂದು ಪ್ಲಾಟು ನೋಡಲು ಚಿಗರಿ ಇಳಿದು 'ಹತ್ತು ನಿಮಿಷ' ನಡೆದೆ. ಗಡಿಯಾರದಲ್ಲಿ ಅದು ಮೂವತ್ತೈದು. ಸತ್ತೂರು ಎಂದಾಗಲೇ ಅವ್ವ, "ಸತ್ತೂರಾಗ ಹೋಗಿ ಬದುಕೂದು ಹೆಂಗೋ?" ಎಂದು ರಾಗ ಎಳೆದಿದ್ದಳು. ಆದರೆ ಮೂವತ್ತು ನಲವತ್ತರ ಸೈಟು, ಪೂರ್ವ ದಿಕ್ಕು, ಚದರಡಿಗೆ 2,400. ಮನಸ್ಸಿಗೆ ಬಂತು. ಬಾಂದು ಕಲ್ಲು ಎಲ್ಲಿದೆ ಎಂದು ಹುಡುಕುತ್ತ, ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದೆ. ಎದುರಿನ ಲೇಔಟಿನ ಉದ್ಘಾಟನೆಗೆ ಬಂದಿದ್ದ ಕ್ಯಾಮೆರಾದ ಹುಡುಗನೊಬ್ಬ, "ಸರ್, ಹಂಗ ನಿಲ್ರಿ" ಅಂದ. ನಿಂತೆ. ಮಾಸ್ತರಿಗೆ ಯಾರಾದರೂ ನಿಲ್ಲು ಅನ್ನುವುದೇ ಅಪರೂಪ.

ಭಾನುವಾರದ ಪತ್ರಿಕೆಯಲ್ಲಿ ನಾನು! 'ಅವಳಿ ನಗರದ ನಡುವೆ ನಿವೇಶನಗಳಿಗೆ ಭಾರೀ ಬೇಡಿಕೆ' ಎಂಬ ತಲೆಬರಹ. ನನ್ನ ಕೆಳಗೆ: 'ಭವಿಷ್ಯದತ್ತ ದೃಷ್ಟಿ ನೆಟ್ಟ ಗ್ರಾಹಕ'. ಶಾಲೆಯಲ್ಲಿ ಐದು ಪ್ರತಿ ಹಂಚಿದೆ. ಮುಖ ಅರ್ಧ ಕೈಯಲ್ಲೇ ಮುಚ್ಚಿದ್ದರಿಂದ, ಇದು ನಾನೇ ಎಂದು ನಂಬಿಸಲು ಆ ಗೆರೆ ಅಂಗಿಯನ್ನೂ ಹಾಕಿಕೊಂಡು ಹೋಗಿದ್ದೆ.

ವಾರದ ಮೇಲೆ, ಆಯಿತು, ಅದೇ ಜಾಗ ಇರಲಿ ಎಂದು ಬಿಳಿ ಅಂಗಿಯವರಿಗೆ ಹೇಳಿದೆ. ಅವರು ನಿಟ್ಟುಸಿರು ಬಿಟ್ಟರು. "ತಡಾ ಮಾಡಿದ್ರಿ ಸರ್ರ. ಮಾಲಕರು ಚದರಡಿಗೆ ನೂರು ಏರ್ಸ್ಯಾರ."

"ಒಂದ ವಾರದಾಗ? ಯಾಕ್ರಿ?"

"ಡಿಮ್ಯಾಂಡ್, ಸರ್ರ. ಪೇಪರಿನಾಗ ಬಂದೈತಿ. ನೋಡ್ರಿ, ಮಂದಿ ಹೆಂಗ ಮುಗಿಬಿದ್ದಾರ!" ಎಂದು ಫೈಲಿನಿಂದ ಕಟಿಂಗು ತೆಗೆದರು. ಮುಗಿಬಿದ್ದ ಮಂದಿ ಅಂದರೆ ನಾನೊಬ್ಬನೇ, ಹಣೆಗೆ ಕೈ ಹಚ್ಚಿಕೊಂಡು.

"ಇದು ನಾನ ರೀ!"

ಅವರು ಕಟಿಂಗು ನೋಡಿದರು, ನನ್ನನ್ನು ನೋಡಿದರು, ಮತ್ತೆ ಕಟಿಂಗು ನೋಡಿದರು. ಮುಖ ಅರಳಿತು. "ಹಂಗಾರ ನಿಮಗ ಗೊತ್ತ ಐತಲ್ರಿ ಸರ್ರ, ಎಷ್ಟ ಡಿಮ್ಯಾಂಡ್ ಐತಂತ!"

ಇದಕ್ಕೆ ಉತ್ತರ ನನಗೆ ಇವತ್ತಿಗೂ ಹೊಳೆದಿಲ್ಲ.

ಅಂತೂ 2,500ಕ್ಕೆ ಮಾತಾಯಿತು. 30 ಲಕ್ಷ. ಶ್ರಾವಣದಲ್ಲಿ ಖರೀದಿ ಮುಗಿಸೋಣ ಎಂದು ಮನೆಯಾಕೆ ಅಂದಳು. ಆಗ ನನ್ನ ಕಣ್ಣಿಗೆ ಬೀಳಬೇಕೆ ಇನ್ನೊಂದು ಲೇಖನ, 'ಮಾರುಕಟ್ಟೆ ತಣ್ಣಗಾಗುವ ಸೂಚನೆ'! "ಗಣಪತಿ ಹಬ್ಬ ಕಳೀಲಿ, ತಡಿ" ಎಂದೆ. ಗಣಪತಿ ಬಂದ. ಅವನ ಬೆನ್ನಿಗೇ ಆಗಸ್ಟ್ 31ರಿಂದ ಸರಕಾರ ನೋಂದಣಿ ಶುಲ್ಕವನ್ನು ಶೇ 1ರಿಂದ ಶೇ 2ಕ್ಕೆ ಏರಿಸಿತು. ಕೂತಲ್ಲೇ 30,000 ಹೋಯಿತು. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಅದರ ಮೇಲೆ ಸರ್ಚಾರ್ಜು ಎಂದಿನಂತೆ ಇದ್ದೇ ಇತ್ತು. ಅಷ್ಟರಲ್ಲಿ ಪಿತೃಪಕ್ಷ ಬಂತು. ಹಿರಿಯರು ಊಟಕ್ಕೆ ಬರುವ ದಿನಗಳಲ್ಲಿ ಸಬ್ ರಜಿಸ್ಟ್ರಾರ್ ಕಚೇರಿಗೆ ಹೋಗುವ ಹಾಗಿಲ್ಲ. ನವರಾತ್ರಿಯಲ್ಲಿ ಹೋದೆವು.

ಕಚೇರಿಯ ಬಾಗಿಲಲ್ಲಿ ನಾಲ್ಕು ಜನ ಕಾಯುತ್ತಿದ್ದರು. ಸಾಕ್ಷಿದಾರರು ಇಬ್ಬರಲ್ಲವೇ, ಇಷ್ಟೇಕೆ ಅಂದುಕೊಂಡೆ. ಅವರು ಸಾಕ್ಷಿದಾರರಲ್ಲ, ಪಾಲುದಾರರು. ಬೋರ್ಡಿನ ನಂಬರಿನವರು, ಬಿಳಿ ಅಂಗಿಯವರು, ಬುಲೆಟ್ ಗಾಡಿಯವರು ಮತ್ತು ಮಾಲಕರ ಷಡ್ಡಕ. ನಾನು ಕೊಡಬೇಕಾದ ದಲಾಲಿ ಶೇ 2, ಅಂದರೆ 60,000. ಈ ದರ ಯಾವ ಕಾಯ್ದೆಯಲ್ಲೂ ಇಲ್ಲ. ಆದರೆ ಕಾಯ್ದೆಗಿಂತ ಗಟ್ಟಿಯಾಗಿ ಎಲ್ಲರ ಬಾಯಲ್ಲಿದೆ. ಅದನ್ನು ಹಂಚುವಾಗ ವಾದ ಸುರುವಾಯಿತು.

"ಸರ್ರು ಮೊದಲನೇ ಚಾ ಕುಡದದ್ದ ನನ್ನ ಕೂಡ" ಅಂದರು ಬೋರ್ಡಿನವರು.

"ನಾ ಹನ್ನೊಂದ ಚಾ ಕುಡಿಸೇನಿ. ಚಪ್ಪಲಿ ಹೋದ ದಿನ ಎರಡ" ಅಂದರು ಬಿಳಿ ಅಂಗಿ.

"ಚಾದ್ದೇನ ಹೇಳ್ತೀರಿ, ನಾ ಗಿರಮಿಟ್ ತಿನಿಸೇನಿ" ಎಂದರು ಬುಲೆಟ್ಟಿನವರು. ಗಿರಮಿಟ್ಟಿನ ಹೆಸರು ಬಂದೊಡನೆ ಉಳಿದವರು ಸ್ವಲ್ಪ ಮೆತ್ತಗಾದದ್ದನ್ನು ನಾನು ಗಮನಿಸಿದೆ.

ಷಡ್ಡಕರು ಏನೂ ತಿನ್ನಿಸಿರಲಿಲ್ಲ, ಕುಡಿಸಿರಲಿಲ್ಲ. ನಾನು ಅವರನ್ನು ನೋಡಿದ್ದೇ ಅವತ್ತು. ಆದರೆ ಪತ್ರಿಕೆಯಲ್ಲಿ ಆ ಫೋಟೊ ನೋಡಿ ಮಾಲಕರಿಗೆ ತೋರಿಸಿದ್ದು ತಾನೇ ಎಂದು ಹೆಮ್ಮೆಯಿಂದ ಹೇಳಿಕೊಂಡರು. ನನ್ನ ಬೆಲೆ ಏರಿಸಿದ್ದಕ್ಕೆ ನನ್ನಿಂದಲೇ ದಲಾಲಿ! ಕೊಟ್ಟೆ. ತಲೆಗೆ 15,000. ಬಿಳಿ ಅಂಗಿಯವರು ಫೋನ್ ಪೇ ಸದ್ದು ಕೇಳಿದ ಮೇಲೆ ಎಲ್ಲರಿಗೂ ಚಹಾ ಹೇಳಿದರು. ನಾನು ಒಲ್ಲೆ ಅಂದೆ. ಅದಕ್ಕೆ ಮತ್ತೇನು ಲೆಕ್ಕವಾಗುತ್ತದೋ ಎಂಬ ಅಂಜಿಕೆ.

ಒಳಗೆ ಕಂಪ್ಯೂಟರಿನ ಹುಡುಗಿ ಹೆಬ್ಬೆಟ್ಟು ಒತ್ತಿಸಿಕೊಂಡು, ಕ್ಯಾಮೆರಾ ನನ್ನ ಕಡೆ ತಿರುಗಿಸಿದಳು. "ಸರ್, ಹಣೀ ಮ್ಯಾಲಿನ ಕೈ ತಗೀರಿ."

ದೀಪಾವಳಿ ಆದ ಮೇಲೆ ಒಂದು ಬುಧವಾರ ಸಹೋದ್ಯೋಗಿಯೊಬ್ಬರು ಸ್ಟಾಫ್ ರೂಮಿನಲ್ಲಿ ಪತ್ರಿಕೆ ಹಿಡಿದು ನಗುತ್ತಿದ್ದರು. 'ಒಡೆಯುವುದೇ ನಿವೇಶನ ಗುಳ್ಳೆ?' ಎಂಬ ಅರ್ಧ ಪುಟದ ಬರಹ. ನಡುವೆ ಗೆರೆ ಅಂಗಿ, ಹಣೆಯ ಮೇಲೆ ಕೈ. ಕೆಳಗೆ: 'ದುಬಾರಿ ಬೆಲೆಗೆ ಕೊಂಡು ತಲೆ ಮೇಲೆ ಕೈ ಹೊತ್ತ ಗ್ರಾಹಕ (ಸಂಗ್ರಹ ಚಿತ್ರ)'. ಅದನ್ನು ಕ್ಲಿಕ್ಕಿಸಿದ ದಿನ ಅದು ಸುಳ್ಳಾಗಿತ್ತು. ಅಚ್ಚಾದ ಹೊತ್ತಿಗೆ ಅಕ್ಷರಶಃ ನಿಜವಾಗಿತ್ತು. ಪತ್ರಿಕೆಯವರನ್ನು ಬೈಯಲೂ ಬಾಯಿ ಬರಲಿಲ್ಲ.

ಸಂಜೆ ಬಿಳಿ ಅಂಗಿಯವರ ಫೋನು. "ಪೇಪರ್ ನೋಡಿದ್ರೇನ್ರಿ ಸರ್ರ? ನಿಮ್ಮ ಬಾಜೂ ಪ್ಲಾಟಿನ ಮಾಲಕರು ಅಂಜಿ ಚದರಡಿಗೆ ನೂರು ಇಳಿಸ್ಯಾರ. ನಿಮ್ಮ ಬಳಗದಾಗ ಯಾರಿಗರ ಬೇಕಾಗಿತ್ತೇನು?"

ಮನೆಯಾಕೆಗೆ ಹೇಳುವ ಧೈರ್ಯವಾಗದೆ ಪತ್ರಿಕೆಯನ್ನು ಟ್ರಂಕಿನ ಮೇಲೆ, ಅಪ್ಪನ ಫೋಟೊದ ಹಿಂದೆ ಸೇರಿಸಿದೆ. ಮರುದಿನ ಬೆಳಗ್ಗೆ ನೋಡಿದರೆ ಅದು ಅವ್ವನ ಕೈಯಲ್ಲಿತ್ತು. ಚಾಳೀಸು ಮೂಗಿನ ತುದಿಗೆ ತಂದುಕೊಂಡು, ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನು ಹತ್ತಿರ ಕರೆದು, ಕೂದಲು ಸರಿಸಿ, ಹಣೆ ಮುಟ್ಟಿ ಮುಟ್ಟಿ ನೋಡಿದಳು.

"ಗುಳ್ಳಿ ಎಲ್ಲಿ ಆಗಿತ್ತೋ ಯಪ್ಪಾ, ಇಲ್ಲೇನು? ಅಗಸಿ ಕಟ್ಟಂತ ಅವಾಗ ಹೇಳಿದ್ನಿಲ್ಲ?"