ಮೂರರ ಮಿತಿ ಎಲ್ಲ ಮಾಂತ್ರಿಕ ವಸ್ತುಗಳಿಗೂ ಅಲ್ಲ

ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಎಂಬ ಪಾತ್ರಾಭಿನಯದ ಆಟದ ಐದನೇ ಆವೃತ್ತಿಯಲ್ಲಿ ಒಂದು ಪಾತ್ರ ಮೂರಕ್ಕಿಂತ ಹೆಚ್ಚು ಮಾಂತ್ರಿಕ ವಸ್ತು ಬಳಸುವಂತಿಲ್ಲ ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು. 2014ರ ನಿಯಮದಲ್ಲಿ ಆ ಮಿತಿ ಇರುವುದು ಅಟ್ಯೂನ್‌ಮೆಂಟ್ (ಪಾತ್ರ ವಸ್ತುವಿನೊಂದಿಗೆ ಬೆಸೆದುಕೊಳ್ಳುವ ಮಾಂತ್ರಿಕ ನಂಟು) ಬೇಡುವ ವಸ್ತುಗಳಿಗೆ ಮಾತ್ರ. ಫ್ಲೇಮ್ ಟಂಗ್ ಕತ್ತಿ, ಕ್ಲೋಕ್ ಆಫ್ ಪ್ರೊಟೆಕ್ಷನ್ ಆ ಲೆಕ್ಕಕ್ಕೆ ಬರುತ್ತವೆ. ಸಾದಾ +1 ಕತ್ತಿ (ದಾಳಿಗೂ ಹಾನಿಗೂ ಒಂದು ಅಂಕ ಕೂಡಿಸುವಂಥದ್ದು), ಬ್ಯಾಗ್ ಆಫ್ ಹೋಲ್ಡಿಂಗ್, ಗಾಯ ಮಾಯಿಸುವ ಪೋಷನ್ ಬರುವುದಿಲ್ಲ. ಮಾಂತ್ರಿಕ ವಸ್ತು ತಯಾರಿಸುವ ಪಾತ್ರವರ್ಗವಾದ ಆರ್ಟಿಫೈಸರ್‌ಗಂತೂ ಮಿತಿಯೇ ಸಡಿಲ: 10ನೇ ಲೆವೆಲ್‌ನಲ್ಲಿ ನಾಲ್ಕು, 14ರಲ್ಲಿ ಐದು, 18ರಲ್ಲಿ ಆರು.

ಹೋಮ್‌ಬ್ರೂ (ಅಧಿಕೃತವಲ್ಲದ, ಸ್ವಂತ ಕಲ್ಪನೆಯ) ಆಯುಧ ರಚಿಸುವವರು ದಯವಿಟ್ಟು ಗಮನಿಸಿ. ಅಟ್ಯೂನ್‌ಮೆಂಟ್ ಬೇಕೋ ಬೇಡವೋ ಎಂದು ವಿವರಣೆಯಲ್ಲೇ ಬರೆಯಿರಿ. ಇಲ್ಲದಿದ್ದರೆ ಆಟದ ನಡುವೆ ವಾದ ಶುರುವಾಗುತ್ತದೆ. ಆರ್ಮರ್ ಕ್ಲಾಸ್ (ಏಟು ತಗುಲದಂತೆ ಕಾಯುವ ರಕ್ಷಣಾ ಅಂಕ) ಏರಿಸುವ ಉಂಗುರ, ಮೇಲಂಗಿಗಳೆಲ್ಲ ಒಬ್ಬರ ಮೈಮೇಲೇ ಸೇರಿದರೆ ಉಳಿದ ಆಟಗಾರರಿಗೆ ಕೆಲಸವೇ ಇರುವುದಿಲ್ಲ. ಅಂಥವಕ್ಕೆ ಅಟ್ಯೂನ್‌ಮೆಂಟ್ ಕಡ್ಡಾಯ ಮಾಡಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.