ಹೌಸ್‌ಸರ್ಜನ್ಸಿ ಓದಿಕೊಳ್ಳೋಕೆ ಕೊಟ್ಟ ರಜೆಯಲ್ಲ

ಇವತ್ತು ಒಂದು ವಾರ್ಡ್‌ನಲ್ಲಿ ಕಂಡದ್ದು. ಜ್ವರಕ್ಕೆ ಬಸವಳಿದ ಅಜ್ಜಿಗೆ ಸಿಸ್ಟರ್ ಐವಿ ಲೈನ್ (ನರಕ್ಕೆ, ಅಂದರೆ ರಕ್ತನಾಳಕ್ಕೆ, ದ್ರವ ಬಿಡೋ ನಳಿಗೆ) ಹಾಕ್ತಿದ್ದಾರೆ. ಪಕ್ಕದಲ್ಲೇ ಕೂತ ಹೌಸ್‌ಸರ್ಜನ್ ಮೊಬೈಲಿನಲ್ಲಿ ನೀಟ್ ಪಿಜಿ (ಸ್ನಾತಕೋತ್ತರ ಸೀಟಿನ ಪ್ರವೇಶ ಪರೀಕ್ಷೆ) ಪ್ರಶ್ನೆ ಬಿಡಿಸ್ತಿದ್ದಾರೆ, ತಲೆ ಎತ್ತಲೂ ಇಲ್ಲ. ಸಿಟ್ಟು ಇನ್ನೂ ಇಳಿದಿಲ್ಲ.

ಎಂಬಿಬಿಎಸ್ ನಾಲ್ಕೂವರೆ ವರ್ಷ ಓದಿದ ಮೇಲೆ 12 ತಿಂಗಳು ಆಸ್ಪತ್ರೆಯಲ್ಲಿ ಹೌಸ್‌ಸರ್ಜನ್ಸಿ ಇಟ್ಟಿರೋದೇ ಕೈ ಪಳಗಲಿ ಅಂತ. ಈ ಲೈನ್ ಹಾಕೋದನ್ನೇ ನೋಡಿ. ಕಣ್ಣಿಗೆ ಕಾಣೋ ನರಕ್ಕಿಂತ ಬೆರಳಿಗೆ ಪುಟಿಯೋ ನರವನ್ನು ನಂಬಬೇಕು. ಸ್ಪಿರಿಟ್ ಒರೆಸಿದ ಮೇಲೆ ಒಣಗೋಕೆ ಬಿಡಬೇಕು. ಚರ್ಮವನ್ನು ಕೆಳಕ್ಕೆ ಎಳೆದು ಹಿಡಿಯದಿದ್ದರೆ ವಯಸ್ಸಾದವರ ನರ ಸೂಜಿಗೆ ಸಿಗದೆ ಜಾರುತ್ತೆ. 15ರಿಂದ 30 ಡಿಗ್ರಿ ಓರೆಯಲ್ಲಿ ಚುಚ್ಚಿ, ಹಿಂಬದಿಯಲ್ಲಿ ರಕ್ತ ಕಂಡಿತು ಅನ್ನಿ. ಕೆಡೋದು ಇಲ್ಲೇ. ಆಗ ನರದೊಳಗೆ ಹೋಗಿರೋದು ಸೂಜಿಯ ತುದಿ ಮಾತ್ರ, ಪ್ಲಾಸ್ಟಿಕ್ ನಳಿಗೆ ಇನ್ನೂ ಹೊರಗೇ ಇರುತ್ತೆ. ಅದೇ ಓರೆಯಲ್ಲಿ ತಳ್ಳಿದರೆ ನರದ ಹಿಂಗೋಡೆ ತೂತಾಗಿ ಕೈ ಊದಿಕೊಳ್ಳುತ್ತೆ. ಓರೆ ತಗ್ಗಿಸಿ, 2-3 ಮಿಲಿಮೀಟರ್ ಮುಂದೆ ಹೋಗಿ, ಆಮೇಲೆ ನಳಿಗೆ ಜಾರಿಸಬೇಕು. ಈ ಹದ ಯಾವ ಆಪ್‌ನಿಂದಲೂ ಬರಲ್ಲ, ಚುಚ್ಚಿ ಚುಚ್ಚಿಯೇ ಬರಬೇಕು.

"ಪಿಜಿ ಇಲ್ಲದ ಎಂಬಿಬಿಎಸ್‌ಗೆ ಏನು ಬೆಲೆ?" ಅಂತೀರಿ. ಆ ಪರೀಕ್ಷೆ ಅಂದರೆ 200 ಪ್ರಶ್ನೆ, ಮೂರೂವರೆ ಗಂಟೆ, ಒಂದೊಂದು ತಪ್ಪಿಗೂ ಒಂದು ಅಂಕ ಕಡಿತ. ಒತ್ತಡ ನಿಜ, ಒಪ್ಪಿದೆ. ಆದರೆ ಸೀಟು ಸಿಗೋವರೆಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ನರ್ಸಿಂಗ್ ಹೋಮ್‌ನ ನೈಟ್ ಡ್ಯೂಟಿಯಲ್ಲೋ ಒಬ್ಬರೇ ನಿಲ್ಲೋದು ಇವರೇ ಅಲ್ವಾ? ಹೆರಿಗೆಯಾದ ಮೇಲೆ ರಕ್ತ ನಿಲ್ತಿಲ್ಲ ಅಂದರೆ ಏನು ಮಾಡ್ತಾರೆ? ತುಂಬು ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರ್‌ಗೂ ಹೆಚ್ಚು ರಕ್ತ ಹರಿಯುತ್ತೆ. ಅಲ್ಲಿ ಎರಡೂ ಕೈಗೆ ದಪ್ಪ ಲೈನ್ ಬೇಕು, ಬೂದು ಬಣ್ಣದ 16 ಗೇಜ್ ಇಲ್ಲವೇ ಹಸಿರು ಬಣ್ಣದ 18 (ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಸಣ್ಣ). ನೀಲಿ 22 ಹಾಕಿ ಕೂತರೆ ಹಸಿರಿನಲ್ಲಿ ಹೋಗೋ ದ್ರವದ ಅರ್ಧವೂ ಒಳಗೆ ಹೋಗಲ್ಲ. ತಡವಾದಷ್ಟೂ ನರ ಕುಗ್ಗಿ ಸಿಗದೇ ಹೋಗುತ್ತೆ. ಅವತ್ತು ಬೆರಳು ನಡುಗಿದರೆ ರ‍್ಯಾಂಕ್ ಯಾವ ಉಪಯೋಗಕ್ಕೆ?

ತಪ್ಪೆಲ್ಲ ಮಕ್ಕಳದೇ ಅಲ್ಲ. ಸ್ಯಾಂಪಲ್ ಹೊತ್ತು ಲ್ಯಾಬಿಗೆ ಓಡೋಕೆ ಅಂತಲೇ ಇಟ್ಟುಕೊಂಡರೆ ಅವರು ಮೊಬೈಲ್ ಹಿಡಿಯದೆ ಇನ್ನೇನು ಹಿಡೀತಾರೆ? ಪೋಸ್ಟಿಂಗ್ ಮುಗಿಯೋ ದಿನ ಲಾಗ್‌ಬುಕ್ (ಮಾಡಿದ ಕೆಲಸ ದಾಖಲಿಸೋ ಪುಸ್ತಕ) ತಂದರೆ ಒಂದೇ ಉಸಿರಿಗೆ ಹತ್ತು ಪುಟಕ್ಕೆ ಸಹಿ ಬೀಳುತ್ತೆ. ಸಹಿ ಹಾಕೋ ಸರ್, ಮೇಡಂ, ದಯವಿಟ್ಟು ಆ ಪೆನ್ನು ಜೇಬಿನಲ್ಲೇ ಇರಲಿ. ನಾಳೆ ರೌಂಡ್ಸ್‌ನಲ್ಲಿ ಟೂರ್ನಿಕೆಯನ್ನು (ನರ ಉಬ್ಬಲಿ ಅಂತ ತೋಳಿಗೆ ಬಿಗಿಯೋ ಪಟ್ಟಿ) ಅವರ ಕೈಗೆ ಕೊಟ್ಟು ಪಕ್ಕದಲ್ಲಿ ನಿಂತು ನೋಡಿ.